ಊಟ ಆಯ್ತಾ ಎಂದು ಕೇಳಿ ಕೆಟ್ಟೆ

ನರ್ಸಿಂಗ್ ಓದುವವರಿಗೆ ಕಿವಿ ತೂತಾಗುವಷ್ಟು ಹೇಳಿಕೊಡುವ ಪಾಠ ಒಂದೇ: ಔಷಧಿ ತಪ್ಪಬಾರದು. ಸರಿಯಾದ ರೋಗಿ, ಸರಿಯಾದ ಮಾತ್ರೆ, ಸರಿಯಾದ ಅಳತೆ, ಬಾಯಿಗೋ ಸೂಜಿಗೋ ಎಂಬ ಸರಿಯಾದ ದಾರಿ, ಸರಿಯಾದ ಹೊತ್ತು! ನಾನಂತೂ ಇದನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದೆ. ಹಾಗಾಗಿ ಪೀಣ್ಯದ ನಮ್ಮ ಪುಟ್ಟ ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ನರ್ಸ್ ಜಯಂತಿ ಸಿಸ್ಟರ್ ನನ್ನನ್ನು ಕರೆದಾಗ ಎದೆಯುಬ್ಬಿಸಿಯೇ ಹೋದೆ.

"ಇವತ್ತು ಮಧ್ಯಾಹ್ನದ ಮಾತ್ರೆ ನೀನೇ ಕೊಡು. ಸರಿಯಾಗಿ ಮಾಡಿದ್ರೆ ನಾಳೆಯಿಂದ ಟ್ರೇ ನಿಂದು. ಇಲ್ಲಾಂದ್ರೆ ಬೆಡ್‌ಶೀಟ್ ಬದಲಾಯಿಸ್ಕೊಂಡಿರು. ಇಬ್ಬರು ಶುಗರ್ ಪೇಷಂಟ್ ಇದ್ದಾರೆ, ಊಟ ಆಗಿದ್ರೆ ಮಾತ್ರ ಕೊಡ್ಬೇಕು. ಖಾಲಿ ಹೊಟ್ಟೆಗೆ ಕೊಟ್ರೆ ಶುಗರ್ ಇಳಿದು ಜೀವಕ್ಕೇ ಕುತ್ತು ಬರುತ್ತೆ, ಗೊತ್ತಾಯ್ತಾ?"

ಇದೊಂದು ವಿಷಯವೇ! ಕೇಳಿದರಾಯಿತು.

ಮೊದಲನೆಯವರು ಚಿಕ್ಕಬಾಣಾವರದ ಗೌರಮ್ಮ.

"ಅಜ್ಜಿ, ಊಟ ಆಯ್ತಾ?"

"ಆಯ್ತು ಕಣಪ್ಪಾ."

ಮಾತ್ರೆಯನ್ನು ಅವರ ಅಂಗೈಗೆ ಹಾಕಿದೆ. ಅಷ್ಟರಲ್ಲಿ ಅವರ ಸೊಸೆ ಏದುಸಿರು ಬಿಡುತ್ತಾ ಬಂದು, "ಅತ್ತೆ, ಲೇಟಾಗ್ಬಿಡ್ತು, ಹಸ್ಕೊಂಡಿದ್ರಾ?" ಎಂದು ಡಬ್ಬಿ ಬಿಚ್ಚಿದಳು. ಒಳಗೆ ಬಿಸಿ ಮುದ್ದೆ! ಮಾತ್ರೆ ಕಿತ್ತುಕೊಳ್ಳಲು ಹೋದರೆ ಅಜ್ಜಿ ಮುಷ್ಟಿ ಬಿಗಿ ಹಿಡಿದರು.

"ಕೊಟ್ಟಿದ್ದ ಕಿತ್ಕೋತೀಯೇನ್ಲಾ?"

"ಅಜ್ಜಿ, ಊಟ ಆಯ್ತು ಅಂದ್ರಲ್ಲ!"

"ಅಯ್, ಊಟ ಆಯ್ತಾ ಅಂತ ಕೇಳ್ದೋರ್ಗೆ ಇಲ್ಲ ಅನ್ನಕಾಯ್ತದಾ? ಮರ್ವಾದೆ ಅನ್ನೋದು ಬ್ಯಾಡ್ವಾ?"

ಸದ್ಯ, ಮಾತ್ರೆ ಇನ್ನೂ ಬಾಯಿಗೆ ಹೋಗಿರಲಿಲ್ಲ. ಅಜ್ಜಿ ಮುದ್ದೆ ನುಂಗಿ ಮುಗಿಸುವವರೆಗೂ ಕಾವಲು ನಿಂತು ಮಾತ್ರೆ ನುಂಗಿಸಿದೆ. ನನಗೆ ನಿಜಕ್ಕೂ ಭಯವಾಗಿತ್ತು.

ಎರಡನೆಯವನು ಬಾಗಲಕೋಟೆ ಕಡೆಯ ಬಸವರಾಜ, ಇಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ. ಈ ಸಲ ಗಟ್ಟಿಯಾಗಿ ಕೇಳಿದೆ: "ನಿಜ ಹೇಳಿ, ಊಟ ಆಯ್ತಾ?"

"ಎಲ್ಲಿ ಊಟರೀ? ಆಗಿಲ್ರಿ."

ಆಹಾ, ಸತ್ಯವಂತ! ಮಾತ್ರೆಯನ್ನು ಟ್ರೇಯಲ್ಲೇ ಭದ್ರವಾಗಿ ಇಟ್ಟುಕೊಂಡು ಜಯಂತಿ ಸಿಸ್ಟರ್ ಹತ್ತಿರ ಹೋಗಿ ವರದಿ ಒಪ್ಪಿಸಿದೆ. ಅವರು ನನ್ನನ್ನು ಅವನ ಮಂಚದ ಬಳಿಗೇ ಎಳೆದು ತಂದರು.

"ಮಂಚದ ಕೆಳಗೆ ಎರಡು ಖಾಲಿ ತಟ್ಟೆ ಕಾಣ್ತಿಲ್ವಾ ನಿಂಗೆ?"

"ಅನ್ನ ಸಾರು ತಿಂದೇನ್ರಿ," ಎಂದ ಬಸವರಾಜ ನೊಂದ ದನಿಯಲ್ಲಿ. "ಆದ್ರ ರೊಟ್ಟಿ ಇಲ್ದ ಊಟ ಹೆಂಗಾಕ್ಕೈತ್ರಿ ಸಿಸ್ಟರ್?"

ನನ್ನ ತಲೆ ಗಿರ್ರೆಂದಿತು. ಉಪವಾಸ ಇದ್ದವರದು ಊಟ ಆಗಿದೆ, ಎರಡು ತಟ್ಟೆ ಉಂಡವನದು ಆಗಿಲ್ಲ! ಯಾವ ಪುಸ್ತಕದಲ್ಲಿದೆ ಇದು?

ಸಿಸ್ಟರ್ ಅವನಿಗೆ ತಾವೇ ಮಾತ್ರೆ ಕೊಟ್ಟು ನನ್ನ ಕಡೆ ತಿರುಗಿದರು. "ಊಟ ಆಯ್ತಾ ಅಂತ ಕೇಳೋದು ನೆಂಟರನ್ನ ಕಣೋ, ಪೇಷಂಟನ್ನ ಅಲ್ಲ. ಏನು ತಿಂದ್ರಿ, ಯಾವಾಗ ತಿಂದ್ರಿ ಅಂತ ಕೇಳು. ಅರ್ಥ ಆಯ್ತಾ?"

"ಚೆನ್ನಾಗಿ ಅರ್ಥ ಆಯ್ತು ಸಿಸ್ಟರ್!"

ನನ್ನ ಪೆಚ್ಚು ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. ದನಿ ಮೆತ್ತಗಾಯಿತು. "ಹೋಗ್ಲಿ ಬಿಡು, ನಾಳೆ ಇನ್ನೊಂದು ಚಾನ್ಸ್ ಕೊಡ್ತೀನಿ. ನಿಂದು ಊಟ ಆಯ್ತಾ?"

"ಆಯ್ತು ಸಿಸ್ಟರ್," ಎಂದೆ.

"ಏನು ತಿಂದೆ?"

ಬೆಳಗ್ಗೆಯಿಂದ ಒಂದು ಲೋಟ ಟೀ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ಟೀ," ಎಂದೆ ನೆಲ ನೋಡುತ್ತಾ. ಸಿಸ್ಟರ್ ನನ್ನ ಕೈಯಿಂದ ಟ್ರೇ ತೆಗೆದುಕೊಂಡರು.

ಈಗ ಬೆಡ್‌ಶೀಟ್ ಬದಲಾಯಿಸುತ್ತಿದ್ದೇನೆ. ಬೆಡ್‌ಶೀಟ್‌ಗಳನ್ನು ಏನೂ ಕೇಳಬೇಕಾಗಿಲ್ಲ, ಅದೊಂದೇ ಸಮಾಧಾನ!