ಫ್ರೆಂಚ್ ಮಾಸ್ತರರಿಗೆ ಕೆಲಸ ಹುಡುಕಿದ್ದು

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಡೆಯುವುದು ನನ್ನ ಪಾಲಿಗೆ ರೂಢಿಯಾಗಿಬಿಟ್ಟಿದೆ. ಹೋದ ವರ್ಷ ಬಾಜೂ ಮನೆಯ ಫ್ರೆಂಚ್ ಮಾಸ್ತರರ ಸಲುವಾಗಿ ಅಲೆದಾಗಲೂ ಹಾಗೇ ಆಯಿತು. ಅವರು ಹುಟ್ಟಿದ್ದು ಫ್ರಾನ್ಸಿನಲ್ಲಿ. ಬೈಲಹೊಂಗಲದ ನರ್ಸಬಾಯಿಯೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಆಕೆ ತೀರಿಕೊಂಡ ಮೇಲೂ ಊರು ಬಿಡಲು ಮನಸ್ಸಾಗಲಿಲ್ಲ. ಆದರೆ ಪಾಠ ಹೇಳುವ ಕೆಲಸ ಸಿಗದಿದ್ದರೆ ಬಿಡಲೇಬೇಕಿತ್ತು. ಯಾರಾದರೂ ದೊಡ್ಡವರು ಕೈ ಹಿಡಿದಾರು ಎಂದು ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೊರಟೆ.

೧. ಹತ್ತಿ ಸಾವಕಾರರು

ಮೊದಲು ನಮ್ಮೂರಿನ ಹತ್ತಿ ಸಾವಕಾರರ ಅಂಗಡಿ. ಅವರು ಚಹಾ ತರಿಸಿ ಕೇಳಿದರು, “ಈ ಭಾಷಾ ನಮ್ಮ ಕಡೆ ಯಾರಿಗೆ ಬರತೈತ್ರಿ?”

“ನನಗೊಬ್ಬಗ ಬರತೈತಿ,” ಎಂದರು ಮಾಸ್ತರರು.

“ಕಲತವರು ಯಾರ ಜೋಡಿ ಮಾತಾಡಬೇಕು?”

“ನನ್ನ ಜೋಡಿ.”

ಸಾವಕಾರರು ಚಹಾದ ಕಪ್ಪು ಕೆಳಗಿಟ್ಟು ಹೇಳಿದರು, “ನಿಮಗ ಕನ್ನಡ ಬರತೈತಲ್ರಿ. ಮತ್ಯಾಕ ಎಲ್ಲಾರಿಗೂ ತ್ರಾಸು?”

೨. ವಾಡೆಯ ಯಜಮಾನರು

ಆಮೇಲೆ ಸವದತ್ತಿ ಕಡೆಯ ಹಳ್ಳಿಯೊಂದರ ಹಳೇ ವಾಡೆಗೆ ಹೋದೆವು. ಯಜಮಾನರು ಮಾಸ್ತರರಿಂದ ಒಂದು ಫ್ರೆಂಚ್ ಶಬ್ದ ಬರೆಸಿ, ಬೆರಳಿಟ್ಟು ಎಣಿಸಿದರು.

“ಎಂಟು ಅಕ್ಷರ ಬರದ್ರಿ. ‘ಬೋಕು’ ಅಂತ ಓದಿದ್ರಿ. ಉಳದವು ಏನ ಮಾಡತಾವ?”

“ಏನೂ ಮಾಡೂದಿಲ್ರಿ. ಹಿಂದಿನವರು ಇಟ್ಟು ಹೋಗ್ಯಾರ, ತಗಿಯಾಕ ಬರೂದಿಲ್ಲ.”

ಯಜಮಾನರು ಕೀಲಿ ಹಾಕಿದ ಬಾಗಿಲುಗಳ ಕಡೆ ನೋಡಿದರು. “ಈ ವಾಡೇದಾಗ ಇಪ್ಪತ್ತು ಖೋಲಿ ಅದಾವ. ನಾವು ಇರೂದು ಮೂರರಾಗ. ನಿಮ್ಮ ಸಂಕಟ ನನಗ ತಿಳೀತ್ರಿ,” ಎಂದು, ರಾಮದುರ್ಗದ ಸಾಲಿಯೊಂದರ ಅಧ್ಯಕ್ಷರಿಗೆ ಅಲ್ಲೇ ಪತ್ರ ಬರೆದುಕೊಟ್ಟರು.

೩. ರಾಮದುರ್ಗದ ಸಾಲಿ

ಮರುದಿನ ಅಧ್ಯಕ್ಷರು ಪತ್ರ ಓದಿ, “ಒಂದು ತಾಸು ಪಾಠಾ ಮಾಡ್ರಿ, ನೋಡೂಣು,” ಎಂದು ಆರನೇ ಇಯತ್ತೆಯ ಹಿಂದಿನ ಬೆಂಚಿನಲ್ಲಿ ಕುಳಿತರು. ನಾನೂ ಅವರ ಪಕ್ಕದಲ್ಲಿ ಕುಳಿತೆ. ಹೊಸ ಮುಖ ಕಂಡು ಮಕ್ಕಳು ಗದ್ದಲ ಎಬ್ಬಿಸಿದರು. ಮಾಸ್ತರರು ಖಡು ಹಿಡಿದು ಬೋರ್ಡಿನ ಮುಂದೆ ನಿಂತರು. ಇದೇ ಕೊನೆಯ ಬಾಗಿಲು ಎಂದು ಅವರಿಗೂ ನನಗೂ ಗೊತ್ತಿತ್ತು.

ಅವರು ಕನ್ನಡ ಕಲಿತದ್ದೆಲ್ಲ ಹೆಂಡತಿಯ ಬಾಯಿಂದ. ಮಾತು ನಿಲ್ಲಿಸಲು ಅವರಿಗೆ ಗೊತ್ತಿದ್ದದ್ದು ಆಕೆ ಮನೆಯಲ್ಲಿ ಅವರಿಗೆ ದಿನಾ ಹೇಳುತ್ತಿದ್ದ ಮಾತೊಂದೇ. ಅದನ್ನೇ, ಆಕೆಯ ಧಾಟಿಯಲ್ಲೇ ಹೇಳಿದರು.

“ಮಾತು ಸಾಕು. ಸುಮ್ಮ ಉಣ್ರಿ, ರೊಟ್ಟಿ ಆರತಾವ.”

ಇಡೀ ಕ್ಲಾಸು ಗಪ್ಪಾಯಿತು. ಆಮೇಲೆ ಒಬ್ಬೊಬ್ಬರಾಗಿ ಡಬ್ಬಿ ತೆಗೆದು ಉಣ್ಣತೊಡಗಿದರು. ಆಗಿನ್ನೂ ಬೆಳಿಗ್ಗೆ ಹತ್ತೂವರೆ. ಮಾಸ್ತರರು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅಧ್ಯಕ್ಷರು ಎದ್ದು ನಿಂತರು. “ನಾಳಿಂದ ಬರ್ರಿ, ಮಾಸ್ತರ. ಫ್ರೆಂಚ್ ಆಮ್ಯಾಲ ನೋಡೂಣು. ಈ ಕ್ಲಾಸು ಒಬ್ಬರ ಮಾತು ಕೇಳಿದ್ದು ಇವತ್ತ ಮೊದಲು.”