ಮುತ್ತಾತನ ಕಾಲುವೆ

ತಾವೊಂದು ಕಾಲುವೆಯ ಒಡೆಯರೆಂಬ ಸಂಗತಿ ಬದರೀನಾಥ ಮೇಷ್ಟ್ರಿಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಹಲ್ಲುಜ್ಜುತ್ತಿದ್ದಾಗ. ಅದು ೨೦೦೫ರ ಮಳೆಗಾಲ. ಶಾಲೆಗೆ ರಜೆ ಕೊಟ್ಟಿದ್ದ ಒಂದು ಶುಕ್ರವಾರ. ಹೊಸೂರಿನಲ್ಲಿ ಇಪ್ಪತ್ತೈದು ವರ್ಷದಿಂದ ಭೂಗೋಳ ಹೇಳುತ್ತಿದ್ದ ಅವರು ನೈಲ್ ನದಿಯನ್ನು ಕಣ್ಣುಮುಚ್ಚಿ ಬೋರ್ಡಿನ ಮೇಲೆ ಹರಿಸಬಲ್ಲವರು. ಹಿತ್ತಲಾಚೆ ಲಂಟಾನದ ಪೊದೆಯಲ್ಲಿ ಬಿದ್ದಿದ್ದ ಹಳ್ಳವನ್ನು ಮಾತ್ರ ಒಮ್ಮೆಯೂ ತಿರುಗಿ ನೋಡಿದವರಲ್ಲ.

ಸುದ್ದಿ ತಂದವನು ಸರ್ವೇಯರ್ ಚಿನ್ನಪ್ಪ.

"ಸಾರ್, ಬೀದಿ ಮಳೆನೀರು ಕೆರೆಗೆ ಹೋಗ್ಬೇಕಂದ್ರೆ ಚರಂಡಿ ನಿಮ್ ಕಾಲ್ವೇನ ಅಡ್ಡ ದಾಟ್ಬೇಕು. ತೋಡ್ಸಿದ್ದು ನಿಮ್ ಮುತ್ತಾತ, ರೆಕಾರ್ಡ್‌ನಾಗೆ ಇವತ್ತಿಗೂ ನಿಮ್ ವಂಶದ ಹೆಸ್ರೇ ಐತೆ. ದಾಟೋ ಹಕ್ಕು ಪತ್ರದಾಗೆ ಬರ್ದು, ಕೆಳಗೆ ಒಂದು ಕೈಯೆಳುತ್ತು ಹಾಕ್ಬುಡಿ, ಸೋಮವಾರ ಕೆಲ್ಸ ಶುರು."

ಮೇಷ್ಟ್ರು ಬಾಯಿ ಮುಕ್ಕಳಿಸುವುದನ್ನೂ ಮರೆತು, ಪಂಚೆ ಎತ್ತಿಕಟ್ಟಿ ಪೊದೆಗೆ ನುಗ್ಗಿದರು. ಅರ್ಧ ಗಂಟೆ ಹುಡುಕಿದ ಮೇಲೆ ಕೆಸರು, ಒಂಟಿ ಚಪ್ಪಲಿ, ಮತ್ತು ಅವರನ್ನೇ ಬಾಡಿಗೆದಾರನಂತೆ ದಿಟ್ಟಿಸಿದ ಒಂದು ಕಪ್ಪೆ ಸಿಕ್ಕವು. ಮುತ್ತಾತ ತೋಡಿಸಿದ ಕಾಲುವೆಗೆ ಕಟ್ಟಿದ ಒಂದು ಕಲ್ಲಾದರೂ ಇರಬೇಡವೇ? ಆ ಪ್ರಶ್ನೆ ಅವರ ತಲೆಯಲ್ಲಿ ಕಣಜದ ಹುಳುವಿನಂತೆ ಕೊರೆಯತೊಡಗಿತು.

ಹಿಂತಿರುಗುವಷ್ಟರಲ್ಲಿ ಜಗಲಿ ತುಂಬಿತ್ತು. ತಗ್ಗಿನ ಮನೆಯ ಕದಿರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, "ಮಳೆ ಬಂದಾಗೆಲ್ಲ ನಮ್ ಅಡ್ಗೆಮನ್ಯಾಗೆ ಮೊಣಕಾಲುದ್ದ ನೀರು ಮೇಷ್ಟ್ರೆ. ಹೋದ್ ವಾರ ಅಕ್ಕಿ ಡಬ್ಬ ದೋಣಿ ತರ ತೇಲ್ಕೊಂಡ್ ಹೋಗ್ಬುಡ್ತು. ಬೇಗ ಸೈನ್ ಹಾಕಿ" ಎಂದಳು.

"ಸುಮ್ನೆ ಹಾಕ್ಬುಟ್ರೆ ಹೆಂಗೆ?" ಎಂದ ಎದುರುಮನೆಯ ಪತ್ರಬರಹಗಾರ ಮುನಿವೆಂಕಟಪ್ಪ. "ಷರತ್ತಿಲ್ದ ಪತ್ರ ಉಪ್ಪಿಲ್ದ ಸಾರು."

ಮೇಷ್ಟ್ರಿಗೆ ಷರತ್ತು ತಟ್ಟನೆ ಹೊಳೆಯಿತು. 'ಮುತ್ತಾತನ ಕಾಲದ ನಕ್ಷೆಯಂತೆ ಅಸಲು ಕಾಲುವೆಯನ್ನು ಪತ್ತೆಹಚ್ಚಿ, ಅದರ ಕಲ್ಲು ಕೆಡದಂತೆ, ಅಲ್ಲಿಯೇ ಅಗೆದು ದಾಟತಕ್ಕದ್ದು' ಎಂದು ಬರೆಸಿದರು.

ಚಿನ್ನಪ್ಪ ತಲೆ ಕೆರೆದುಕೊಂಡ. "ಸಾರ್, ಆ ಹಳ್ಳಾನೆ ದಾಟಿದ್ರೆ ಅರ್ಧ ದಿನದ ಕೆಲ್ಸ."

"ಚರಿತ್ರೆಗೆ ಅಡ್ಡದಾರಿ ಇಲ್ಲಪ್ಪ" ಎಂದು ಮೇಷ್ಟ್ರು ಸಹಿ ಹಾಕಿದರು. ಬೀದಿಯೆಲ್ಲ ಸಾಕ್ಷಿ ಹಾಕಿತು. ಮಧ್ಯಾಹ್ನದೊಳಗೆ ಪತ್ರಕ್ಕೆ ಕಚೇರಿಯ ಮೊಹರೂ ಬಿತ್ತು.

ಸಂಜೆ ನಾಲ್ಕಕ್ಕೆ ಚಿನ್ನಪ್ಪ ಬಟ್ಟೆಯ ನಕ್ಷೆ, ಅಳತೆಯ ಸರಪಳಿ, ಒಂದು ಹಾರೆ ಹಿಡಿದು ಬಂದ. ಮೇಷ್ಟ್ರು ಮದುವೆ ಗಂಡಿನ ಸೋದರಮಾವನ ಗತ್ತಿನಲ್ಲಿ ಸರಪಳಿಯ ಇನ್ನೊಂದು ತುದಿ ಹಿಡಿದರು. ಕದಿರಮ್ಮ, ಮುನಿವೆಂಕಟಪ್ಪ ಹಿಂದೆಯೇ ಹೊರಟರು. ಅಳತೆ ಬಾವಿಯಿಂದ ಹೊರಟಿತು. ಹಳ್ಳದ ಕಡೆ ತಿರುಗಲಿಲ್ಲ. ತುಳಸಿಕಟ್ಟೆ ದಾಟಿ, ಹಿತ್ತಲ ಬಾಗಿಲೊಳಗೆ ನುಗ್ಗಿ, ಮೇಷ್ಟ್ರ ಹೆಂಡತಿ ವೆಂಕಟಲಕ್ಷ್ಮಮ್ಮನವರು ಉಪ್ಪಿಟ್ಟು ತಿರುವುತ್ತಿದ್ದ ಒಲೆಯ ಬುಡದಲ್ಲಿ ನಿಂತಿತು.

"ನಿಮ್ ತಾತ ಮನೆ ಕಟ್ಟೋವಾಗ ಕಾಲ್ವೆ ಮುಚ್ಬುಟ್ಟು, ಹಿಂದ್ಗಡೆ ಬೇರೆ ಹಳ್ಳ ತೋಡ್ಕೊಂಡವ್ರೆ" ಎಂದ ಚಿನ್ನಪ್ಪ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ. "ಅಸಲು ಕಾಲ್ವೆ ಇಲ್ಲೈತೆ ಸಾರ್. ಚರಂಡಿ ಇಲ್ಲೇ ದಾಟ್ಬೇಕು."

ಮೇಷ್ಟ್ರು ಸರಪಳಿ ಕೆಳಗಿಟ್ಟರು. "ಆ ಷರತ್ತು ಬಿಟ್ಟುಬಿಡೋಣ."

"ಮೊಹರು ಬಿದ್ದೈತೆ" ಎಂದ ಮುನಿವೆಂಕಟಪ್ಪ. "ತಿದ್ದಬೇಕಂದ್ರೆ ಕೃಷ್ಣಗಿರಿ ಜಿಲ್ಲಾ ಕಚೇರಿಗೆ ಹೋಗಿ ಬರ್ಬೇಕು. ಆರು ತಿಂಗ್ಳಾಯ್ತದೆ. ಅಲ್ಲಿಗಂಟ ಚರಂಡಿ ಇಲ್ಲ."

ಕದಿರಮ್ಮ ಕಿಟಕಿಯಾಚೆ ಕಪ್ಪಾಗುತ್ತಿದ್ದ ಮುಗಿಲನ್ನು ನೋಡಿದಳು, ಆಮೇಲೆ ಮೇಷ್ಟ್ರನ್ನು. ಆ ನೋಟದ ಮುಂದೆ ಮೇಷ್ಟ್ರಿಗೆ ಕೃಷ್ಣಗಿರಿಯ ಹೆಸರೆತ್ತುವ ಧೈರ್ಯ ಬರಲಿಲ್ಲ. ಮತ್ತೆ ಪಂಚೆ ಎತ್ತಿಕಟ್ಟಿ, "ಹಾರೆ ಕೊಡು ಚಿನ್ನಪ್ಪ" ಎಂದರು.

ಒಲೆ ಸರಿಸಿ ಒಂದು ಚಪ್ಪಡಿ ಮೀಟಿದರು. ಕೆಳಗೆ, ಮಣ್ಣಿನ ನಡುವೆ, ನೇರ್ಪಾಗಿ ಕೆತ್ತಿ ಜೋಡಿಸಿದ ಕಲ್ಲಿನ ಅಂಚು ಕಂಡಿತು. ಮೇಷ್ಟ್ರು ಮೊಣಕಾಲೂರಿ ಅದನ್ನು ಸವರಿದರು. "ನೋಡಿದೆಯಾ, ಎಂಥ ಕೆಲಸ" ಎಂದು ಹೆಂಡತಿಯತ್ತ ಮುಖವೆತ್ತಿದರು.

ಬಾಣಲೆ ಹಿಡಿದು ನಿಂತಿದ್ದ ವೆಂಕಟಲಕ್ಷ್ಮಮ್ಮ ಕೇಳಿದರು: "ಸೋಮವಾರದಿಂದ ಅಡುಗೆ ಎಲ್ಲಿ ಮಾಡ್ಲಿ, ಈ ದಡದಲ್ಲೋ, ಆ ದಡದಲ್ಲೋ?"