ಹೆಂಡತಿಯನ್ನು ಹೊತ್ತು ಹೊಸ್ತಿಲು ದಾಟುವ ಬಗ್ಗೆ ಜಾನಸ್ ದೇವರಿಗೆ

ಲಾರೆನ್ಸ್‌ವಿಲ್, ಜಾರ್ಜಿಯಾ
ಅಕ್ಟೋಬರ್ ೧೯೭೨

ಸಕಲ ಬಾಗಿಲುಗಳ ಒಡೆಯರೂ, ಮುಂದೊಂದು ಹಿಂದೊಂದು ಮುಖವುಳ್ಳವರೂ ಆದ ರೋಮಿನ ಜಾನಸ್ ದೇವರ ಸನ್ನಿಧಿಗೆ,

ಮಾನ್ಯರೇ,

ಮೈಸೂರಿನಿಂದ ಬಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರಾಗಿರುವ ಚೆಲುವರಾಜನೆಂಬ ನಾನು, ಸೋಫಾದ ಮೇಲೆ ಬೋರಲು ಮಲಗಿಕೊಂಡೇ ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎದ್ದು ನಿಂತು ಕೈಮುಗಿಯಲಾಗದ್ದಕ್ಕೆ ತಾವೇ ಕಾರಣರಾದ್ದರಿಂದ ಕ್ಷಮಿಸುವಿರೆಂದು ನಂಬಿದ್ದೇನೆ.

ಊರಿನಲ್ಲಿ ಮದುವೆಯಾಗಿ, ರಜ ಮುಗಿದು ನಾನೊಬ್ಬನೇ ಹಿಂತಿರುಗಿದ್ದೆ. ವೀಸಾ ಸಿಕ್ಕಿ ನನ್ನ ಹೆಂಡತಿ ಪ್ರಮೀಳಾ ಕಳೆದ ಶನಿವಾರ ಅಟ್ಲಾಂಟಾದಲ್ಲಿ ಇಳಿದಳು. ಏರ್‌ಪೋರ್ಟಿನಿಂದ ಮನೆಯವರೆಗೆ ನಾನು ಹೈವೇ, ಹವಾಮಾನ, ಇಲ್ಲಿನ ಮೊಸರು ಎಲ್ಲವನ್ನೂ ವರ್ಣಿಸಿದರೂ ಆಕೆ "ಹೂಂ" ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಇವಳಿಗೆ ಹಿಡಿಸಲಿಲ್ಲವೇನೋ ಎಂದು ಮೊಸರಿನ ವರ್ಣನೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಬಾಗಿಲಲ್ಲಿ ಇಬ್ಬರು ಕಾದಿದ್ದರು. ನನ್ನ ಸಹೋದ್ಯೋಗಿಯ ಪತ್ನಿ ಸುಶೀಲಕ್ಕ, ಸೇರು ಸಿಗದೆ ಕಾಫಿ ಮಗ್ಗಿಗೆ ಅಕ್ಕಿ ತುಂಬಿ ಹೊಸ್ತಿಲ ಮೇಲಿಟ್ಟು, "ಬಲಗಾಲಲ್ಲಿ ಒದ್ದು ಒಳಗೆ ಬಾಮ್ಮ" ಎಂದರು. ನಾನು ಬಾಡಿಗೆಗಿರುವ ಈ ಮನೆಯ ಒಡತಿ, ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದ ಮಿಸೆಸ್ ಟಾಲಿವರ್, "ಡಾಕ್ಟರ್, ನೀವು ಆಕೆಯನ್ನು ಎತ್ತಿಕೊಂಡು ಹೋಗಬೇಕು. ಹೊಸ್ತಿಲಲ್ಲಿ ವಧು ಎಡವಿದರೆ ಅಪಶಕುನವೆಂದು ರೋಮನ್ನರು ಹಾಗೆ ಮಾಡುತ್ತಿದ್ದರು" ಎಂದು ದಾರಿಗೆ ಅಡ್ಡ ನಿಂತರು. ಇಬ್ಬರು ಹಿರಿಯ ಹೆಂಗಸರ ಮನಸ್ಸನ್ನೂ ನೋಯಿಸಲಾರದೆ, ಎತ್ತಿಕೊಂಡೇ ಒದೆಸುವುದೆಂದು ನಾನು ತೀರ್ಮಾನಿಸಿದೆ.

ಪ್ರಮೀಳಾ ಕಾಲೇಜಿನಲ್ಲಿ ಗುಂಡು ಎಸೆತದ ಚಾಂಪಿಯನ್ ಎಂಬುದನ್ನೂ, ನಾನು ಹಾಸ್ಟೆಲ್ ಊಟದಲ್ಲಿ ಬೆಳೆದ ಕಡ್ಡಿ ಎಂಬುದನ್ನೂ ತಮ್ಮ ಎರಡು ಮುಖಗಳಲ್ಲಿ ಒಂದಾದರೂ ಗಮನಿಸಬಹುದಿತ್ತು. ಎತ್ತಿದೆ. ಬೆನ್ನಿನಲ್ಲಿ ಯಾವ ಯಾವ ಮೂಳೆ ಏನೇನು ಹೇಳಿತೆಂಬುದು, ವೃತ್ತಿಯ ದೆಸೆಯಿಂದ, ನನಗೆ ಹೆಸರು ಸಮೇತ ತಿಳಿಯಿತು. ಆಕೆ ವಿಧೇಯಳಾಗಿ ಗಾಳಿಯಲ್ಲೇ ಕಾಲು ಚಾಚಿ ಮಗ್ಗನ್ನು ಒದ್ದಳು. ಅಕ್ಕಿ ನನ್ನ ಬೂಟಿನಡಿಗೆ ಚೆಲ್ಲಿತು. ನಾನು ಜಾರಿದೆ. ಆಕೆ ಮಾತ್ರ ಬೆಕ್ಕಿನಂತೆ ನೆಟ್ಟಗೆ ನಿಂತಳು.

ಬಿದ್ದಲ್ಲಿಂದ ನಾನು ಏಳಲಾರೆನೆಂದು ಕಂಡೊಡನೆ, ಆಕೆ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, "ರೀ, ಅಲ್ಲಾಡಬೇಡಿ. ನನ್ನ ಕತ್ತು ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು, ತರಕಾರಿ ಚೀಲದಷ್ಟು ಸಲೀಸಾಗಿ ನನ್ನನ್ನು ಎತ್ತಿಕೊಂಡು ಹೊಸ್ತಿಲು ದಾಟಿಯೇಬಿಟ್ಟಳು. ಸುಶೀಲಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದರು. ಮಿಸೆಸ್ ಟಾಲಿವರ್ ಸ್ವಲ್ಪ ಯೋಚಿಸಿ, ವಧು ಎಡವಲಿಲ್ಲವಾದ್ದರಿಂದ ಶಾಸ್ತ್ರ ಕೆಟ್ಟಿಲ್ಲವೆಂದು ತೀರ್ಪಿತ್ತರು.

ಸೋಫಾದ ಮೇಲೆ ಇಳಿಸಿದ ಮೇಲೆ ಆಕೆಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ನಕ್ಕರೆ ಬೆನ್ನು ಹಿಡಿಯುತ್ತಿತ್ತು, ಹಿಡಿದರೆ ಇನ್ನಷ್ಟು ನಗು ಬರುತ್ತಿತ್ತು. "ಇಷ್ಟು ದೊಡ್ಡ ಡಾಕ್ಟರು, ಏನು ಮಾತಾಡೋದು ಅಂತ ಪ್ಲೇನಿನಲ್ಲೆಲ್ಲ ಹೆದರಿದ್ದೆ" ಎಂದಳು. ಅಂದಿನಿಂದ ಆಕೆ ಮಾತು ನಿಲ್ಲಿಸಿಲ್ಲ.

ಆದ್ದರಿಂದ ತಾವು ದಯಮಾಡಿ ಜಾರ್ಜಿಯಾದ ಹೊಸ್ತಿಲುಗಳನ್ನೆಲ್ಲ ನೆಲಸಮ ಮಾಡಿಸಬೇಕು, ಗಂಡಂದಿರನ್ನು ತೂಗಿ ನೋಡಿದ ಮೇಲೆಯೇ ಈ ಪದ್ಧತಿಗೆ ಅನುಮತಿ ಕೊಡಬೇಕು. ನನ್ನ ಬೆನ್ನು ಸರಿಹೋಗಲು ಮಾತ್ರ ಅವಸರ ಮಾಡಬೇಕಾಗಿಲ್ಲ. ಹತ್ತಿರ ಕುರ್ಚಿ ಎಳೆದುಕೊಂಡು ಆಕೆ ಈಗಷ್ಟೇ ತನ್ನ ನಾಲ್ಕನೇ ಸೋದರತ್ತೆಯ ಕಥೆ ಶುರು ಮಾಡಿದ್ದಾಳೆ.

ಇಂತಿ, ಮಲಗಿದಲ್ಲಿಂದಲೇ,
ತಮ್ಮ ವಿಶ್ವಾಸಿ
ಡಾ. ಚೆಲುವರಾಜ್

ಮ.ವಿ.: ಫೆಬ್ರವರಿಯಲ್ಲಿ ಇಲ್ಲಿನ ಪ್ರೇಮಿಗಳ ಹಬ್ಬಕ್ಕೆ ತಮ್ಮ ಊರಿನ ಕ್ಯುಪಿಡ್ ಎಂಬ ಹುಡುಗ ಬಿಲ್ಲು ಹಿಡಿದು ಬರುವನಂತೆ. ನಮ್ಮ ಮನ್ಮಥನದು ಕಬ್ಬಿನ ಬಿಲ್ಲು. ತಮ್ಮವನದು ಕಬ್ಬಿಣದ್ದೇ ಆಗಿದ್ದರೆ, ಬಾಗಿಲಲ್ಲೇ ತಡೆದು ವಾಪಸು ಕಳಿಸುವುದು ತಮ್ಮ ಇಲಾಖೆಗೇ ಸೇರಿದ ಕೆಲಸ.